ಸಿಡ್ನಿಯ ಮೆಂಬರ್‌ಟೂ ಹೆರಿಟೇಜ್ ಪಾರ್ಕ್

ಕೆನಡಾದ ಕೇಪ್ ಬ್ರೆಟನ್ ದ್ವೀಪದ ಸಿಡ್ನಿಯಲ್ಲಿ, ಮಿಕ್ಮಾ ಎಂಬ ಮೂಲನಿವಾಸಿ ಜನಾಂಗದ ಮೆಂಬರ್‌ಟೂ ಸಮುದಾಯ ತನ್ನ ನೆಲದ ಚರಿತ್ರೆಯನ್ನು ತಾನೇ ನಿರೂಪಿಸುವ ತಾಣವಿದು. ಈ ಸಮುದಾಯ ಹಿಂದೆ ಸಿಡ್ನಿ ಬಂದರಿನ ಅಂಚಿನ ಕಿಂಗ್ಸ್ ರೋಡ್‌ನಲ್ಲಿ ನೆಲೆಸಿತ್ತು. ಎಂಟು ಸಾವಿರಕ್ಕಿಂತ ಹೆಚ್ಚು ಜನಸಂಖ್ಯೆಯ ಪಟ್ಟಣಗಳಿಗೆ ತಾಗಿದ ಮೂಲನಿವಾಸಿ ನೆಲೆಗಳನ್ನು ಅಲ್ಲಿನವರ ಒಪ್ಪಿಗೆಯಿಲ್ಲದೆಯೇ ಎತ್ತಂಗಡಿ ಮಾಡಲು 1911ರ ಕಾನೂನು ತಿದ್ದುಪಡಿಯೊಂದು ಅವಕಾಶ ಕೊಟ್ಟಿತು; ಅದರ ಬಲದಿಂದ 1916ರಲ್ಲಿ ನ್ಯಾಯಾಲಯ ಸ್ಥಳಾಂತರಕ್ಕೆ ಆದೇಶಿಸಿತು, ಮತ್ತು 1926ರ ವೇಳೆಗೆ ಈ ಜನ ಸಮುದ್ರತೀರವನ್ನು ಬಿಟ್ಟು ಈಗಿನ ಎತ್ತರದ ಜಾಗಕ್ಕೆ ಬರಬೇಕಾಯಿತು. ನ್ಯಾಯಾಲಯದ ಮುದ್ರೆಯೊತ್ತಿದ ಈ ಅನ್ಯಾಯವನ್ನು ಅದನ್ನು ಅನುಭವಿಸಿದವರ ವಂಶಸ್ಥರ ನಡುವೆಯೇ ನಿಂತು ಅರಿಯುವುದು ಇಲ್ಲಿಗೆ ಹೋಗಲು ಬಲವಾದ ಕಾರಣವೆಂದು ನನ್ನ ಅಭಿಪ್ರಾಯ.

ಇದೇ ಸಮುದಾಯದ ಡೊನಾಲ್ಡ್ ಮಾರ್ಷಲ್ ಜೂನಿಯರ್ ಅವರು ಹಾವುಮೀನು ಹಿಡಿದು ಮಾರಿದ ಪ್ರಕರಣದಲ್ಲಿ, ಮೀನು ಹಿಡಿದು ಮಾರುವ ಹಕ್ಕಿಗೆ ಆಧಾರವಾದ, ಮಿಕ್ಮಾ ಜನ ಬ್ರಿಟಿಷರೊಂದಿಗೆ ಮಾಡಿಕೊಂಡ 1760–61ರ ಒಪ್ಪಂದಗಳು ಇಂದಿಗೂ ಜೀವಂತವೆಂದು ಕೆನಡಾದ ಸುಪ್ರೀಂ ಕೋರ್ಟ್ 1999ರಲ್ಲಿ ತೀರ್ಪು ನೀಡಿತು. 2021ರಲ್ಲಿ ಮೆಂಬರ್‌ಟೂ ಮುಂದಾಳತ್ವದ ಮಿಕ್ಮಾ ಒಕ್ಕೂಟವು ಕ್ಲಿಯರ್‌ವಾಟರ್ ಎಂಬ ಬೃಹತ್ ಸಮುದ್ರಾಹಾರ ಕಂಪನಿಯ ಸಹಮಾಲೀಕನೂ ಆಯಿತು. ಇಷ್ಟನ್ನು ತಿಳಿದು ಹೋದರೆ ಪ್ರದರ್ಶನದ ಅರ್ಥ ಆಳವಾಗುತ್ತದೆ.

ಕರಕುಶಲ ವಸ್ತುಗಳ ಮಳಿಗೆಯೂ ಇದೆ. ಆದರೆ ಸಮಯ ಕಡಿಮೆಯಿದ್ದವರು ಮಾರ್ಗದರ್ಶಕರ ವಿವರಣೆಗೇ ಆದ್ಯತೆ ಕೊಡಲಿ. ಕೇಪ್ ಬ್ರೆಟನ್ ವಿಶ್ವವಿದ್ಯಾಲಯಕ್ಕೆ ಓದಲು ಬರುವ ಕನ್ನಡದ ವಿದ್ಯಾರ್ಥಿಗಳು ತಾವು ಯಾರ ನೆಲದಲ್ಲಿ ವಾಸಿಸುತ್ತಿದ್ದೇವೆಂದು ತಿಳಿಯಲು ಮೊದಲ ಸೆಮಿಸ್ಟರ್‌ನಲ್ಲಿಯೇ ಇಲ್ಲಿಗೆ ಭೇಟಿ ನೀಡಬೇಕು. ಹೊರಾಂಗಣದ ಭಾಗವೂ ಇರುವುದರಿಂದ ಹಿಮ ಬೀಳುವ ಮುನ್ನ ಹೋಗುವುದು ಒಳ್ಳೆಯದು.