ಕೊಮೋಲಿಕಾ ಬೊಟ್ಟು, ಆರರ ಪ್ಯಾಕೆಟ್, 120 ರೂಪಾಯಿ

ನಮ್ಮ ಬಡಾವಣೆಯ ಮಹಿಳಾ ಸಮಾಜದ ವಾರ್ಷಿಕೋತ್ಸವಕ್ಕೆ ಈ ಸಲ ಧಾರಾವಾಹಿಗಳನ್ನು ಗೇಲಿ ಮಾಡುವ ಇಪ್ಪತ್ತು ನಿಮಿಷದ ಪ್ರಹಸನ. ಸೊಸೆಯ ಪಾತ್ರಕ್ಕೆ ಏಳು ಜನ ಕೈ ಎತ್ತಿದರು. ಖಳನಾಯಕಿಯ ಪಾತ್ರಕ್ಕೆ ಒಬ್ಬರೂ ಇಲ್ಲ. ಕೊನೆಗೆ, "ಎಲ್ಲರ ಸೊಂಟದ ಅಳತೆಯೂ ಇವರ ಪುಸ್ತಕದಲ್ಲಿದೆ, ಇವರಿಗಿಂತ ಅಪಾಯದ ಹೆಂಗಸು ಈ ಬಡಾವಣೆಯಲ್ಲಿ ಯಾರಿದ್ದಾರೆ?" ಎಂದು ನನ್ನನ್ನು ಮುಂದೆ ತಳ್ಳಿದರು. ನಾನು ಬ್ಲೌಸ್ ಹೊಲಿಯುವವಳು. ಸೀರೆ, ಒಡವೆ ಮನೆಯಲ್ಲೇ ಇದ್ದವು. ಬೊಟ್ಟು ಮಾತ್ರ ತರಬೇಕಾಯಿತು.

ಮೈಸೂರಿನ ಶಿವರಾಂಪೇಟೆಯ ಒಂದು ಫ್ಯಾನ್ಸಿ ಸ್ಟೋರಿಗೆ ಹೋಗಿ, "ಸೀರಿಯಲ್‌ನಲ್ಲಿ ವಿಲನ್‌ಗಳು ಇಟ್ಟುಕೊಳ್ಳುತ್ತಾರಲ್ಲ, ಅಂಥದ್ದು" ಎಂದೆ. ಅಂಗಡಿಯ ಹುಡುಗ ಸ್ಟೂಲು ಹತ್ತುತ್ತಲೇ ಕೇಳಿದ: "ಕೊಮೋಲಿಕಾ ಕೊಡಲಾ, ಮೇಡಂ?" ಅವನಿಗೆ ಇಪ್ಪತ್ತು ದಾಟಿರಲಿಕ್ಕಿಲ್ಲ. ಅದು ಯಾರ ಹೆಸರು ಗೊತ್ತೇ ಎಂದರೆ ನನ್ನ ಮುಖ ನೋಡಿದ. ಗುಂಡು, ನಾಮ, ಅರ್ಧಚಂದ್ರ ಇದ್ದ ಹಾಗೆ ಕೊಮೋಲಿಕಾ ಎಂಬುದೂ ಬೊಟ್ಟಿನ ಒಂದು ಜಾತಿ ಎಂದೇ ಅವನು ತಿಳಿದಿದ್ದ. ಪ್ಯಾಕೆಟ್ ಮೇಲೆ ಆ ಹೆಸರೇನೂ ಇಲ್ಲ. ಅಂಗಡಿಯವರ ಬಾಯಲ್ಲಿ ಉಳಿದುಬಂದಿದೆ, ಅಷ್ಟೆ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಸ್ಟಾರ್ ಪ್ಲಸ್‌ನಲ್ಲಿ 2001ರ ಅಕ್ಟೋಬರ್‌ನಿಂದ 2008ರ ಫೆಬ್ರವರಿವರೆಗೆ ಬಂದ 'ಕಸೌಟಿ ಜಿಂದಗಿ ಕೇ' ಎಂಬ ಹಿಂದಿ ಧಾರಾವಾಹಿಯ ಖಳನಾಯಕಿ ಈ ಕೊಮೋಲಿಕಾ. ಅನುರಾಗ್ ಮತ್ತು ಪ್ರೇರಣಾ ಎಂಬ ಜೋಡಿಯ ನಡುವೆ ಬಂದು ಕೂತವಳು. ಪಾತ್ರ ಮಾಡಿದವರು ಊರ್ವಶಿ ಧೋಲಕಿಯಾ. ಕೆನ್ನೆಯ ಮೇಲೆ ಸುರುಳಿ ಬಿಟ್ಟ ಒಂದು ಎಳೆ ಕೂದಲು, ಬೆನ್ನು ತೆರೆದ ಬ್ಲೌಸ್, ಮೂಗಿನಲ್ಲಿ ನತ್ತು, ಹಣೆಯ ಮೇಲೆ ಹಾವಿನಂತೆ ಹೊರಳಿದ ಬೊಟ್ಟು. ಆಗ ನಾನು ಹೊಲಿಗೆ ಕಲಿಯುತ್ತಿದ್ದೆ. ಪತ್ರಿಕೆಯಿಂದ ಕತ್ತರಿಸಿದ ಅವಳ ಚಿತ್ರವನ್ನು ಪರ್ಸಿನಿಂದ ತೆಗೆದು, "ಹಿಂದೆ ಇಷ್ಟೇ ಇಳಿಸಿ, ಲಾಡಿ ಇಡಿ, ಅಮ್ಮನಿಗೆ ಹೇಳಬೇಡಿ" ಎನ್ನುವ ಹುಡುಗಿಯರು ಬರುತ್ತಿದ್ದರು. ಪ್ರೇರಣಾಳ ಬ್ಲೌಸ್ ಬೇಕೆಂದು ಒಬ್ಬಳೂ ಬಂದದ್ದು ನೆನಪಿಲ್ಲ.

ನಮ್ಮ ಮನೆಯಲ್ಲಿ ಮಧ್ಯಾಹ್ನ ಊಟವಾದ ಮೇಲೆ ಬರುವ ಮರುಪ್ರಸಾರವನ್ನು ನೋಡುತ್ತಿದ್ದೆವು. ಅಜ್ಜಿಗೆ ಹಿಂದಿಯ ಒಂದಕ್ಷರ ಬಾರದು, ಅದರ ಅಗತ್ಯವೂ ಇರಲಿಲ್ಲ. ಕೊಮೋಲಿಕಾ ಕಾಲಿಡುವ ಮೊದಲೇ ಹಿನ್ನೆಲೆಯಲ್ಲಿ "ನಿಕಾ..." ಎಂದು ಎಳೆದು ಹಾಡುತ್ತಿದ್ದರಲ್ಲ, ಆ ರಾಗ ಕೇಳಿದರೆ ಸಾಕು, ಅಜ್ಜಿ ಬಿಡಿಸುತ್ತಿದ್ದ ಹುಣಸೆಹಣ್ಣನ್ನು ಪಕ್ಕಕ್ಕೆ ಸರಿಸಿ, "ಬಂದಳು ನೋಡು ನಿಕಾ, ಇವಳ ಮನೆ ಹಾಳಾಗ" ಎಂದು ನೆಟ್ಟಗೆ ಕೂರುತ್ತಿದ್ದರು. ಕರೆಂಟು ಹೋಗಿ ಅವಳು ತಪ್ಪಿಹೋದ ದಿನ ಬೇಸರಪಡುತ್ತಿದ್ದವರೂ ಅವರೇ.

ಇನ್ನು ಬೊಟ್ಟಿನ ವಿಷಯ. ಬಿಳಿ ರಟ್ಟಿನ ಮೇಲೆ ಆರು: ಕುಂಕುಮ ಬಣ್ಣದ್ದು ಎರಡು, ಕಪ್ಪು ಎರಡು, ಹಸಿರು ಒಂದು, ಬಂಗಾರದ ಬಣ್ಣದ್ದು ಒಂದು. ಟೇಪು ಹಿಡಿದೆ, ಉದ್ದ ಒಂದೂ ಮುಕ್ಕಾಲು ಇಂಚು. ಮೇಲೆ ಹನಿಯ ಆಕಾರ, ನಡುವೆ ಒಂದು ಸುತ್ತು, ಕೆಳಗೆ ಹುಬ್ಬುಗಳ ನಡುವೆ ಇಳಿಯುವ ಸಣ್ಣ ಬಾಲ. ಮಖಮಲ್ಲನ್ನು ಕತ್ತರಿಸಿರುವ ಅಂಚು ಬಹಳ ಚೊಕ್ಕಟ, ಒಂದು ಎಳೆಯೂ ಎದ್ದಿಲ್ಲ. ಬಟ್ಟೆಯ ಕೆಲಸದವಳಾಗಿ ಇದನ್ನು ಮೆಚ್ಚದೇ ಇರಲಾರೆ. ಕಲ್ಲುಗಳ ವಿಷಯದಲ್ಲಿ ಈ ಮಾತು ಹೇಳುವಂತಿಲ್ಲ. ಮನೆಗೆ ಬಂದು ಪ್ಯಾಕೆಟ್ ಬಿಚ್ಚುವಷ್ಟರಲ್ಲೇ ಎರಡು ಕಲ್ಲು ಉದುರಿ ಕವರಿನ ಮೂಲೆ ಸೇರಿದ್ದವು.

ಅಂಟಿನ ಹಣೆಬರಹ ತಾಲೀಮಿನಲ್ಲಿ ಗೊತ್ತಾಯಿತು. "ಈ ಮನೆಯ ಬೀಗದ ಕೈ ಇನ್ನು ನನ್ನ ಸೆರಗಿನಲ್ಲಿ" ಎಂಬುದು ನನ್ನ ಮೊದಲ ಮಾತು. ಖಳನಾಯಕಿ ಎಂದರೆ ಸಿಡುಕು ಎಂದುಕೊಂಡು ಹುಬ್ಬು ಗಂಟಿಕ್ಕಿ ಹೇಳಿದೆ. ಬಾಲ ಮೇಲೆದ್ದಿತು. ಒತ್ತಿಕೊಂಡೆ. ಮತ್ತೆ ಗಂಟಿಕ್ಕಿದೆ, ಅರ್ಧ ಬಿಟ್ಟಿತು. ಮೂರನೆಯ ಸಲ ಇಡೀ ಬೊಟ್ಟು ಕಳಚಿ ನಮ್ಮ ಸೊಸೆಯ ಕಾಫಿ ಲೋಟಕ್ಕೆ ಬಿತ್ತು. ಪ್ರಹಸನದಲ್ಲಿ ಇಲ್ಲದ ನಗು ಅಲ್ಲಿ ಸಿಕ್ಕಿತು.

ಆ ರಾತ್ರಿ ಮೊಬೈಲ್‌ನಲ್ಲಿ ಕೊಮೋಲಿಕಾಳ ಹಳೆಯ ತುಣುಕುಗಳನ್ನು ಹಾಕಿಕೊಂಡು ಕೂತೆ. ಇಷ್ಟು ವರ್ಷ ಬೊಟ್ಟನ್ನೂ ಬ್ಲೌಸನ್ನೂ ನೋಡಿದ್ದೆನೇ ಹೊರತು ಹಣೆಯನ್ನು ನೋಡಿರಲಿಲ್ಲ. ನಾನು ನೋಡಿದ ತುಣುಕುಗಳಲ್ಲಿ ಆಕೆ ಹುಬ್ಬು ಗಂಟಿಕ್ಕುವುದೇ ಇಲ್ಲ! ಒಂದು ಹುಬ್ಬು ನಿಧಾನವಾಗಿ ಮೇಲೇರುತ್ತದೆ, ತುಟಿಯ ಒಂದು ಕೊನೆ ನಗುತ್ತದೆ, ಹಣೆ ಮಾತ್ರ ಒರೆಸಿಟ್ಟ ಸ್ಲೇಟು. ಸಿಟ್ಟೆಲ್ಲ ಬೆರಳಿನಲ್ಲಿದೆ, ಕೆನ್ನೆಯ ಮೇಲಿನ ಕೂದಲನ್ನು ಸುತ್ತುತ್ತಲೇ ಇರುವ ಆ ಒಂದು ಬೆರಳಿನಲ್ಲಿ. ಎದುರಿನವಳು ಅಳುತ್ತಿದ್ದಾಳೆ, ಕ್ಯಾಮೆರಾ ಮೂರು ಸಲ ಧಡ್ ಧಡ್ ಎಂದು ಮುಖದ ಮೇಲೆ ಬೀಳುತ್ತಿದೆ, ಇವಳಿಗೆ ಆತುರವೇ ಇಲ್ಲ. ಹಣೆಯ ಮೇಲೆ ಅಷ್ಟು ದೊಡ್ಡದೊಂದು ಚಿತ್ತಾರ ಅಂಟಿಸಿಕೊಂಡವಳು ಆ ಹಣೆಯನ್ನು ಅಲುಗಿಸುವಂತಿಲ್ಲವಲ್ಲ. ಬೊಟ್ಟಿಗಾಗಿ ಹಣೆ ನಿಂತಿತೋ, ಹಣೆ ನಿಂತದ್ದರಿಂದ ಬೊಟ್ಟು ಒಪ್ಪಿತೋ, ಹೇಳುವುದು ಕಷ್ಟ.

ಅದೇ ಕಾಲದ 'ಕಹೀಂ ಕಿಸೀ ರೋಜ್' ಧಾರಾವಾಹಿಯ ರಮೋಲಾ ಸಿಕಂದ್ ಪಾತ್ರದಲ್ಲಿ ಸುಧಾ ಚಂದ್ರನ್ ಇಟ್ಟುಕೊಳ್ಳುತ್ತಿದ್ದ ಬೊಟ್ಟುಗಳು ಇದಕ್ಕಿಂತ ದೊಡ್ಡವು. ಆದರೆ ಆಕೆ ನೃತ್ಯ ಕಲಿತವರು, ಕಣ್ಣೊಂದನ್ನೇ ತಿರುಗಿಸಿ ದೃಶ್ಯ ಮುಗಿಸಬಲ್ಲರು. 2018ರಲ್ಲಿ 'ಕಸೌಟಿ'ಯನ್ನು ಹೊಸದಾಗಿ ತೆಗೆದಾಗ ಹೀನಾ ಖಾನ್ ಕೊಮೋಲಿಕಾ ಆದರು. ಬಟ್ಟೆಗಳು ನಿಜಕ್ಕೂ ಚೆಲುವಾಗಿದ್ದವು. ನನಗೆ ಮಾತ್ರ ಹಳಬಳೇ ಸರಿ. ನಮ್ಮ ಕನ್ನಡದ 'ಅಗ್ನಿಸಾಕ್ಷಿ'ಯ ಚಂದ್ರಿಕಾಳನ್ನು ವರ್ಷಗಟ್ಟಲೆ ಬೈದುಕೊಂಡು ನೋಡಿದವಳು ನಾನು, ಹಾಗಾಗಿ ಪಕ್ಷಪಾತ ಎನ್ನಬೇಡಿ.

ಮರುದಿನದ ತಾಲೀಮಿನಲ್ಲಿ ಹಣೆ ಅಲುಗಿಸದೆ, ಮೆಲ್ಲಗೆ, ಬೆರಳಿಗೆ ಸೆರಗಿನ ಅಂಚು ಸುತ್ತುತ್ತಾ ಅದೇ ಮಾತು ಹೇಳಿದೆ. ಬೊಟ್ಟು ಕದಲಲಿಲ್ಲ. ಕಾಫಿ ಕುಡಿಯುತ್ತಿದ್ದ ಸೊಸೆ ಲೋಟ ಕೆಳಗಿಟ್ಟಳು.

ಹಾಗೆಂದು ಅಂಟನ್ನು ಕ್ಷಮಿಸುವುದಿಲ್ಲ. ನಾಟಕದ ದಿನ ದೀಪದ ಬಿಸಿ, ಬೆವರು, ಎಲ್ಲ ಇರುತ್ತದೆ. ರೆಪ್ಪೆಗೂದಲು ಅಂಟಿಸುವ ಗೋಂದನ್ನು ಒಂದು ತೊಟ್ಟು ಬೊಟ್ಟಿನ ಹಿಂದೆ ಹಚ್ಚಿ, ಅರ್ಧ ನಿಮಿಷ ಆರಲು ಬಿಟ್ಟು, ಆಮೇಲೆ ಹಣೆಗೆ ಒತ್ತಿದೆ. ಹಚ್ಚಿದ ತಕ್ಷಣ ಒತ್ತಿದರೆ ಜಾರುತ್ತದೆ. ಪೌಡರ್ ಹಾಕುವ ಮೊದಲೇ ಬೊಟ್ಟು ಇಡಬೇಕು, ಇಲ್ಲದಿದ್ದರೆ ಪೌಡರಿಗೆ ಅಂಟುತ್ತದೆಯೇ ಹೊರತು ಚರ್ಮಕ್ಕಲ್ಲ. ಇಷ್ಟು ಮಾಡಿದ ಮೇಲೆ ಇಪ್ಪತ್ತು ನಿಮಿಷದ ಪ್ರಹಸನ, ಫೋಟೋ, ಬಿಸಿಬೇಳೆಬಾತು ಎಲ್ಲ ಮುಗಿಯುವವರೆಗೂ ನಿಂತಿತು.

ದಿನವೂ ಇಟ್ಟುಕೊಳ್ಳುವ ಯೋಚನೆ ಇದ್ದರೆ ಮಾತ್ರ ಬೇಡ ಎನ್ನುತ್ತೇನೆ. ನನ್ನ ಸೋದರತ್ತೆ ವರ್ಷಗಳ ಕಾಲ ಅಗ್ಗದ ಸ್ಟಿಕ್ಕರ್ ಬೊಟ್ಟನ್ನು ಹಗಲೂ ರಾತ್ರಿ ಇಟ್ಟುಕೊಂಡಿದ್ದರು. ಮೊದಲು ತುರಿಕೆ, ಆಮೇಲೆ ಬೊಟ್ಟಿನಷ್ಟೇ ಅಗಲದ ಬಿಳಿ ಮಚ್ಚೆ. ಕೆಲವು ಬೊಟ್ಟುಗಳ ಅಂಟಿನಲ್ಲಿ ಪ್ಯಾರಾ ಟರ್ಷಿಯರಿ ಬ್ಯೂಟೈಲ್ ಫೀನಾಲ್ ಎಂಬ ರಾಸಾಯನಿಕ ಇರುತ್ತದೆ, ಅದು ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳನ್ನೇ ಕೊಲ್ಲುತ್ತದೆ ಎಂದು ಚರ್ಮದ ವೈದ್ಯರು ಹೇಳಿದರು. ಬೊಟ್ಟು ಬಿಟ್ಟು ಔಷಧಿ ಹಚ್ಚಿದ ಮೇಲೂ ಮಚ್ಚೆ ಪೂರ್ತಿ ಹೋಗಲಿಲ್ಲ. ನಮ್ಮ ಪ್ಯಾಕೆಟ್ಟಿನ ಹಿಂದೆ ಅಂಟಿನಲ್ಲಿ ಏನಿದೆ ಎಂದು ಒಂದು ಸಾಲೂ ಇಲ್ಲ. ಬೆಲೆ ಇದೆ, ಮಕ್ಕಳಿಂದ ದೂರವಿಡಿ ಎಂದಿದೆ. ಇಟ್ಟುಕೊಂಡರೂ ಮಲಗುವ ಮುಂಚೆ ತೆಗೆಯಿರಿ, ಕನ್ನಡಿಗೆ ಅಂಟಿಸಿಟ್ಟು ಮರುದಿನ ಅದೇ ಜಾಗಕ್ಕೆ ಇಡಬೇಡಿ, ತುರಿಸಿದರೆ ಅಂದೇ ಕೈಬಿಡಿ.

ಒಂದು ಬೊಟ್ಟಿಗೆ ಇಪ್ಪತ್ತು ರೂಪಾಯಿ ಬಿತ್ತು. ಕತ್ತರಿಸಿದ ಕೈಗೆ ಐದಕ್ಕೆ ನಾಲ್ಕೂವರೆ, ಕಲ್ಲಿಗೆ ಎರಡು, ಅಂಟಿಗೆ ಒಂದು. ರಂಗದ ಮೇಲೆ ಹಿಂದಿನ ಸಾಲಿನವರೆಗೂ ಕಾಣುತ್ತದೆ. ನಾಟಕ, ಛದ್ಮವೇಷ, ಮದುವೆಯ ಸಂಗೀತದ ಸಂಜೆ, ಅಷ್ಟಕ್ಕೆ ಧಾರಾಳವಾಗಿ ಕೊಳ್ಳಬಹುದು.

ಕಾಫಿಗೆ ಬಿದ್ದದ್ದೊಂದು, ತಾಲೀಮಿನಲ್ಲಿ ಕಲ್ಲೆಲ್ಲ ಉದುರಿಸಿಕೊಂಡದ್ದೊಂದು, ನಾಟಕಕ್ಕೆ ಇಟ್ಟದ್ದೊಂದು, ಅಲ್ಲಿಗೆ ಮೂರು ಖರ್ಚಾದವು. ಉಳಿದ ಮೂರರಲ್ಲಿ ಹಸಿರನ್ನೂ ಬಂಗಾರದ್ದನ್ನೂ ನಮ್ಮ ಸೊಸೆ ಪಾತ್ರದ ಹುಡುಗಿ ಕೇಳಿ ತೆಗೆದುಕೊಂಡು ಹೋದಳು. ಮುಂದಿನ ವರ್ಷ ಅವಳಿಗೆ ಖಳನಾಯಕಿಯ ಪಾತ್ರವೇ ಬೇಕಂತೆ. ಕಪ್ಪಿನದನ್ನು ನಾನು ಕೊಡಲಿಲ್ಲ.