ಹಾಳು ಬಿದ್ದ ಹೊಲ ನೋಡಲು ಟಿಕೆಟ್: ನೆಪ್ ಎಸ್ಟೇಟ್ ಸಫಾರಿ

ಶಿರಸಿ ಕಡೆ ಒಬ್ಬರ ಗದ್ದೆಯಲ್ಲಿ ಲಂಟಾನ ಎದ್ದಿತೆಂದರೆ ಆ ಮನೆಯ ಯಜಮಾನನ ಬಗ್ಗೆ ಊರೆಲ್ಲ ಮಾತಾಡುತ್ತದೆ. ಇಂಗ್ಲೆಂಡಿನ ವೆಸ್ಟ್ ಸಸೆಕ್ಸ್‌ನಲ್ಲಿ ಮುಳ್ಳು ಎದ್ದ ಹೊಲಗಳನ್ನೇ ತೋರಿಸಲು ಮಗಳು ನನಗೆ ಮುಂಗಡ ಟಿಕೆಟ್ ತೆಗೆದಿದ್ದಳು. ಬೆಲೆ ಮಾತ್ರ ಹೇಳಲಿಲ್ಲ. ನಾನು ಎಲ್ಲವನ್ನೂ ರೂಪಾಯಿಗೆ ಗುಣಿಸುವವನೆಂದು ಅವಳಿಗೆ ಗೊತ್ತು.

ನೆಪ್ ಸುಮಾರು 3,500 ಎಕರೆಯ ಎಸ್ಟೇಟ್. ಚಾರ್ಲಿ ಬರೆಲ್ ಅವರ ಕೈಗೆ ಅದು ಬಂದದ್ದು 1987ರಲ್ಲಿ. ಗೊಬ್ಬರ, ಯಂತ್ರ, ಡೇರಿ ಎಲ್ಲ ಮಾಡಿ ನೋಡಿದರೂ ಲೆಕ್ಕ ಕೂಡಲಿಲ್ಲ. 2000ದಲ್ಲಿ ಹಾಲಿನ ಹಸುಗಳನ್ನೂ ಯಂತ್ರಗಳನ್ನೂ ಮಾರಿದರು. ಕಾರಣ ಮಣ್ಣು. ಇಲ್ಲಿಯ ಜೇಡಿ ಚಳಿಗಾಲದಲ್ಲಿ ಅಂಬಲಿ, ಬೇಸಿಗೆಯಲ್ಲಿ ಗಾರೆ. ನಾನು ಹೋದದ್ದು ಜುಲೈ ಮೊದಲ ವಾರ. ಆದರೂ ಹಿಂದಿನ ರಾತ್ರಿ ಮಳೆ ಬಿದ್ದಿತ್ತು. ಮಗಳು ಗಂಬೂಟು ಹಾಕೆಂದಳು. ಅಡಿಕೆ ತೋಟದ ಕೆಸರು ತುಳಿದವನಿಗೆ ಇದೇನೆಂದು ಕ್ಯಾನ್ವಾಸ್ ಬೂಟಿನಲ್ಲೇ ಇಳಿದೆ. ಎಡಗಾಲಿನ ಬೂಟನ್ನು ಕೈಯಿಂದ ಕಿತ್ತು ತೆಗೆಯಬೇಕಾಯಿತು.

ಬೇಸಾಯ ಬಿಟ್ಟ ಹೊಲಗಳನ್ನು ‘ಕಾಡಿಗೆ ಬಿಟ್ಟಿದ್ದಾರೆ’ ಎಂದು ಕೇಳಿದಾಗ ಕೈಕಟ್ಟಿ ಕುಳಿತಿದ್ದಾರೆಂದು ನಾನು ಭಾವಿಸಿದ್ದೆ. ಹಾಗಲ್ಲ, ಕೆಲಸದವರು ಬದಲಾಗಿದ್ದಾರೆ, ಅಷ್ಟೇ. ಕಂದು ಟ್ಯಾಮ್‌ವರ್ತ್ ಹಂದಿಗಳು ಮೂತಿಯಿಂದ ನೆಲ ಉಳುತ್ತವೆ. ಉದ್ದ ಕೊಂಬಿನ ದನಗಳು, ಎಕ್ಸ್‌ಮೂರ್ ಕುದುರೆಗಳು, ಜಿಂಕೆಗಳು ಮೇಯುತ್ತ ಕಾಡು ಪೂರ್ತಿ ಮುಚ್ಚಿಕೊಳ್ಳದಂತೆ ನೋಡಿಕೊಳ್ಳುತ್ತವೆ. ಓಕ್ ಬೀಜಗಳನ್ನು ಮಣ್ಣಿನಲ್ಲಿ ಬಚ್ಚಿಟ್ಟು ಮರೆಯುವ ಜೇ ಹಕ್ಕಿಯೇ ನೆಡುವ ಆಳು. ಮಾರ್ಗದರ್ಶಿ ಹುಡುಗಿ ಮುಳ್ಳುಪೊದೆಯೊಂದನ್ನು ಸರಿಸಿ, ಒಳಗೆ ಮೊಣಕಾಲೆತ್ತರ ಬೆಳೆದಿದ್ದ ಓಕ್ ಸಸಿ ತೋರಿಸಿದಳು. ದನ ಬಾಯಿ ಹಾಕದಿರಲೆಂದು ನಾವು ಸಸಿಗೆ ಮುಳ್ಳು ಕಟ್ಟುತ್ತೇವಲ್ಲ, ಇಲ್ಲಿ ಸಸಿ ಮುಳ್ಳಿನೊಳಗೇ ಹುಟ್ಟಿದೆ. ಟಿಕೆಟ್ಟಿನ ದುಡ್ಡು ನನಗೆ ಅಲ್ಲಿಯೇ ಹುಟ್ಟಿತು.

ಬ್ರಿಟನ್ನಿನಲ್ಲಿ ಅಪರೂಪವಾದ ಪರ್ಪಲ್ ಎಂಪರರ್ ಚಿಟ್ಟೆ ಇಲ್ಲಿ ಹೆಚ್ಚಿದ್ದೂ ಇಂಥದೇ ಕಾರಣದಿಂದ. ಉಳುಮೆ ನಿಂತ ಬರಿಯ ತೇವದ ನೆಲದಲ್ಲಿ ಸ್ಯಾಲೋ ಎಂಬ ವಿಲ್ಲೋ ಗಿಡ ಎದ್ದಿತು, ಅದರ ಎಲೆ ಈ ಚಿಟ್ಟೆಯ ಹುಳುವಿಗೆ ಆಹಾರ. ಹೆಸರು ಚಕ್ರವರ್ತಿಯದು. ನನಗೆ ದರ್ಶನ ಕೊಟ್ಟದ್ದು ಮಾತ್ರ ಕುದುರೆ ಲದ್ದಿಯ ಮೇಲೆ.

ಓಕ್ ಮರದ ತುದಿಯಲ್ಲಿ ಬಿಳಿ ಕೊಕ್ಕರೆಗಳ ಗೂಡುಗಳಿವೆ. 2020ರಲ್ಲಿ ಇಲ್ಲಿ ಮರಿಯಾದವು. ಅದಕ್ಕೆ ಮೊದಲು ಬ್ರಿಟನ್ನಿನಲ್ಲಿ ಗೂಡು ಕಟ್ಟಿದ ದಾಖಲೆ ಎಡಿನ್‌ಬರೋದಲ್ಲಿ, 1416ರದು. ಕೊಕ್ಕು ಬಡಿಯುವ ಸದ್ದು ಹಲಗೆಗೆ ಹಲಗೆ ತಾಡಿಸಿದಂತೆ. ಜನ ಪಿಸುಮಾತಿನಲ್ಲಿ ನೋಡುತ್ತಿದ್ದರು. ನಮ್ಮ ಕೊಕ್ಕರೆ ಬೆಳ್ಳೂರಿನಲ್ಲಿ ಅವು ಮನೆಯ ಪಕ್ಕದ ಹುಣಸೆ ಮರದಲ್ಲೇ ಸಂಸಾರ ಹೂಡುತ್ತವೆ ಎಂದೆ (ಅವು ಬೇರೆ ಜಾತಿಯವು, ಅದನ್ನೂ ಹೇಳಿದೆ). ಹುಡುಗಿ ಊರಿನ ಹೆಸರು ಬರೆದುಕೊಂಡಳು.

ತೋಳವಿಲ್ಲದ ದೇಶದಲ್ಲಿ ತೋಳದ ಪಾಲಿನ ಕೆಲಸವನ್ನು ಮನುಷ್ಯನೇ ಕೈಗೊಳ್ಳಬೇಕು: ಪ್ರಾಣಿಗಳ ಸಂಖ್ಯೆ ಹಿಡಿತದಲ್ಲಿಡಲು ಕೊಲ್ಲುತ್ತಾರೆ, ಮಾಂಸ ಮಾರುತ್ತಾರೆ. ಅವರದೇ ಉಪಾಹಾರ ಗೃಹದಲ್ಲಿ ಅದೇ ಮುಖ್ಯ. ಸಸ್ಯಾಹಾರಿಯಾದ ನನಗೆ ಅಗೆಯದೆ ಬೆಳೆಸುವ ತರಕಾರಿ ತೋಟದ ಸೊಪ್ಪು, ಬ್ರೆಡ್ಡು ಸಾಕಾಯಿತು. ಉಪ್ಪು ಹಾಕಿಕೊಂಡೆ. ಎಸ್ಟೇಟಿನ ಇನ್ನೊಂದು ಭಾಗದಲ್ಲಿ ಪುನರುಜ್ಜೀವನ ಕೃಷಿಯಿದೆ: ದನಗಳನ್ನು ತಾತ್ಕಾಲಿಕ ಬೇಲಿಯೊಳಗೆ ಸ್ವಲ್ಪ ಕಾಲ ಮೇಯಿಸಿ, ಮುಂದಿನ ತುಂಡಿಗೆ ಸರಿಸಿ, ಹುಲ್ಲಿಗೆ ವಿಶ್ರಾಂತಿ ಕೊಡುತ್ತಾರೆ. ಎರಡೆಕರೆಯವನಿಗೆ ಕಾಡಿನ ಭಾಗಕ್ಕಿಂತ ಇದೇ ಉಪಯೋಗದ ಪಾಠ. 3,500 ಎಕರೆಯೂ ಸರ್ಕಾರದ ಸಹಾಯಧನವೂ ಎಲ್ಲರಿಗೂ ಸಿಗುವಂಥದ್ದಲ್ಲ.

ಹೋಗುವವರು ಜೂನ್ ಕೊನೆ ಅಥವಾ ಜುಲೈ ಮೊದಲಲ್ಲಿ ಹೋಗಿ, ಚಿಟ್ಟೆ, ಕೊಕ್ಕರೆ ಮರಿ ಎರಡೂ ಸಿಗಬಹುದು. ಸಫಾರಿ ದುಬಾರಿ ಎನಿಸಿದರೆ ಸಾರ್ವಜನಿಕ ಕಾಲುದಾರಿಗಳಿವೆ, ನಡೆಯಲು ದುಡ್ಡಿಲ್ಲ. ದುರ್ಬೀನು ಒಯ್ಯಿರಿ. ಗಂಬೂಟಿನ ವಿಷಯದಲ್ಲಿ ಮಗಳ ಮಾತು ಕೇಳಿ.