ಮೊಸರಿನಲ್ಲಿ ಕಲ್ಲು ಹುಡುಕುವ ಮುದ್ರಣಾಲಯ

ಅಪ್ಪಯ್ಯನ ಷಷ್ಟ್ಯಬ್ದಿಯ ಆಮಂತ್ರಣ ಪತ್ರಿಕೆಯನ್ನು ಶಿರಸಿ ಪೇಟೆಯ ಹಳೆಯ ಮುದ್ರಣಾಲಯವೊಂದರಲ್ಲಿ ಮಾಡಿಸಲು ಹೊರಟಾಗ, ಅಲ್ಲಿಯ ಯಜಮಾನರು ಮೊಸರಿನಲ್ಲಿ ಕಲ್ಲು ಹುಡುಕುವವರೆಂದು ನಮ್ಮ ಭಾವ ಮೊದಲೇ ಎಚ್ಚರಿಸಿದ್ದರು. 300 ಪ್ರತಿಗಳ ಕೆಲಸಕ್ಕೆ 2 ದಿನ ಸಾಕೆಂದು ನಾನು ಲೆಕ್ಕ ಹಾಕಿದ್ದೆ. ಹಿಡಿದದ್ದು 8 ದಿನ.

ಮೊದಲ ಕರಡಿನಲ್ಲಿ ಅವರ ಕೆಂಪು ಪೆನ್ನು ಶೀರ್ಷಿಕೆಯ ಮೇಲೆಯೇ ನಿಂತಿತು. ನಾನು ಬರೆದುಕೊಟ್ಟ ಚೀಟಿಯಲ್ಲಿ ‘ಷಷ್ಠ್ಯಬ್ದಿ’ ಎಂದಿತ್ತು. ಮಹಾಪ್ರಾಣದ ಠಕಾರ ಬಂದರೆ ಅದು ಷಷ್ಠಿ, ಅಂದರೆ ಆರನೆಯದು; ಅರವತ್ತಕ್ಕೆ ಅಲ್ಪಪ್ರಾಣದ ‘ಷಷ್ಟಿ’ಯೇ ಆಗಬೇಕೆಂದು ವಿವರಿಸಿ, “ನಿಮ್ಮ ಅಪ್ಪಯ್ಯನಿಗೆ ಅರವತ್ತೋ, ಆರೋ?” ಎಂದು ಕೇಳಿದರು. ಇದನ್ನು ಕ್ಷುಲ್ಲಕವೆನ್ನಲು ನನಗೆ ಬಾಯಿ ಬರಲಿಲ್ಲ. ಕಂಪ್ಯೂಟರಿನ ಹುಡುಗ ‘ಆರ್ಶೀವಾದ’ ಎಂದು ಟೈಪಿಸಿದ್ದನ್ನೂ ಹಾಗೆಯೇ ಹಿಡಿದರು: ಅರ್ಕಾವತ್ತು ಬರಹದಲ್ಲಿ ಅಕ್ಷರದ ನಂತರ ಕುಳಿತರೂ ಉಚ್ಚಾರದಲ್ಲಿ ಅದಕ್ಕಿಂತ ಮೊದಲು ಬರುವುದರಿಂದ, ‘ವಾ’ದ ಮಗ್ಗುಲಲ್ಲಿರಬೇಕಾದದ್ದು ‘ಶೀ’ಯ ಪಕ್ಕಕ್ಕೆ ಸರಿದರೆ ಓದೇ ಕೆಡುತ್ತದೆ.

ಮೂರನೆಯ ಕರಡಿನ ಹೊತ್ತಿಗೆ ಮಾತ್ರ ಭಾವನ ಮಾತು ದಿಟವೆನ್ನಿಸಿತು. ಊರಿನ ಹೆಸರು ‘ಶಿರಸಿ’ಯೋ ‘ಸಿರ್ಸಿ’ಯೋ ಎಂಬುದಕ್ಕೆ ಒಂದು ಮಧ್ಯಾಹ್ನ ಹೋಯಿತು. ‘ಉ.ಕ.’ದ ಕೊನೆಯ ಚುಕ್ಕಿ ಬೇಕೋ ಬೇಡವೋ ಎಂಬುದಕ್ಕೆ ಎರಡು ಚಹಾ ಮುಗಿದವು. ಗಣಪತಿಯ ಚಿತ್ರ ಒಂದು ನೂಲು ಎಡಕ್ಕೆ ವಾಲಿದೆಯೆಂದು ಅಳತೆಪಟ್ಟಿಯೂ ಹೊರಬಂತು.

ಇಷ್ಟೆಲ್ಲ ಸೋಸಿದ ಪತ್ರಿಕೆ ಮನೆಗೆ ಬಂದ ಸಂಜೆ, ಅತ್ತಿಗೆ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು, “ಈ ತಾರೀಖು ಶನಿವಾರ ಅಲ್ಲವೇ? ಇಲ್ಲಿ ರವಿವಾರ ಎಂದಿದೆಯಲ್ಲ” ಎಂದರು. ತಪ್ಪು ನನ್ನ ಚೀಟಿಯದೇ. ಆದರೆ ನಾಲ್ಕು ಕರಡುಗಳನ್ನು ಓದಿದ ನಮ್ಮಿಬ್ಬರ ಕಣ್ಣಿಗೂ ಅದು ಬಿದ್ದಿರಲಿಲ್ಲ. ಯಜಮಾನರು ವಾದಕ್ಕಿಳಿಯದೆ ಮರುದಿನವೇ ಎಲ್ಲ ಪ್ರತಿಗಳನ್ನೂ ಮತ್ತೆ ಅಚ್ಚು ಹಾಕಿಸಿ, ಕಾಗದದ ಹಣವನ್ನಷ್ಟೇ ಪಡೆದರು. ‘ಶನಿವಾರ’ದ ನಂತರ ಅಲ್ಪವಿರಾಮ ಬೇಕಿತ್ತೆಂದು ಗೊಣಗಿದ್ದೂ ಉಂಟು.

ಅಚ್ಚಿನ ವಿಷಯದಲ್ಲಿ ದೂರಿಲ್ಲ. ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗದಷ್ಟು ಅಂತರವಿದೆ, ಶಾಯಿ ಎಲ್ಲಿಯೂ ಹರಡಿಲ್ಲ, ಅಪ್ಪಯ್ಯ ಕನ್ನಡಕವಿಲ್ಲದೆ ಓದಿದರು. ಅವಸರವಿದ್ದವರು ಬೇರೆ ಕಡೆ ಹೋಗುವುದು ಒಳ್ಳೆಯದು. ಇಲ್ಲಿಗೇ ಹೋಗುವವರು 15 ದಿನ ಮೊದಲೇ ಹೋಗಲಿ; ಅಕ್ಷರಗಳನ್ನು ಅವರಿಗೆ ಬಿಟ್ಟು, ತಿಥಿ, ವಾರ, ತಾರೀಖುಗಳನ್ನು ಪಂಚಾಂಗ ತೆರೆದಿಟ್ಟು ತಾವೇ ನೋಡಿಕೊಳ್ಳಲಿ.